ಮಾಹಿತಿದಾರೆ ಹದಿನಾಲ್ಕು

ಪುಸ್ತಕದ ನಲವತ್ತೊಂದನೇ ಪುಟದಲ್ಲಿ ದೊಡ್ಡಮ್ಮ ಅಳುತ್ತಿದ್ದಳು.

ದೊಡ್ಡಮ್ಮ ಅತ್ತದ್ದನ್ನು ಹುಡುಗಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗಂಡ ಸತ್ತಾಗಲೂ ಅವಳು ಅತ್ತಿರಲಿಲ್ಲ. ಪೀಡೆ ತೊಲಗಿತು ಎಂದು ಎರಡು ದಿನ ರಜೆ ಹಾಕಿ, ಬಾಗಿಲು ಮುಚ್ಚಿಕೊಂಡು ನಿದ್ದೆ ಮಾಡಿದ್ದಳು. ಅಂಥವಳು ಇಲ್ಲಿ, ನುಣುಪಾದ ಕಾಗದದ ಮೇಲೆ, ಯಾರದೋ ರಕ್ತ ಹತ್ತಿದ ಬೆಡ್‌ಶೀಟನ್ನು ಎದೆಗೆ ಅವಚಿಕೊಂಡು, ಅದರ ಮೂಲೆಗೊಂದು ಗಂಟು ಹಾಕಿ, ಮುಖ ಕಾಣದ ರೋಗಿಗಾಗಿ ಕಣ್ಣೀರು ಸುರಿಸುತ್ತಿದ್ದಳು. ಅವಳಿಗೆ ಹೆಸರಿರಲಿಲ್ಲ. ‘ಮಾಹಿತಿದಾರೆ ಹದಿನಾಲ್ಕು. ವಯಸ್ಸು ಸುಮಾರು ಐವತ್ತು. ಅನಕ್ಷರಸ್ಥೆ. ಎಡ ಹುಬ್ಬಿನ ಮೇಲೆ ಸುಟ್ಟ ಕಲೆ’ ಎಂದು ಬರೆದಿತ್ತು. ಆ ಕಲೆ ಲಾಂಡ್ರಿಯ ಆವಿ ಕೊಳವೆ ತಾಗಿ ಆದದ್ದು. ಆ ಹುಬ್ಬಿಗೆ ಮುಲಾಮು ಹಚ್ಚಿದವಳು ಹುಡುಗಿಯೇ.

ಅದು ವಿಶ್ವವಿದ್ಯಾಲಯದಲ್ಲಿ ಅವಳ ಮೊದಲ ವಾರ. ಮೆಟ್ಟಿಲು ಮೆಟ್ಟಿಲಾಗಿ ಏರಿದ ಆಸನಗಳ ಕೋಣೆ. ಗೋಡೆಯ ಮೇಲೆ ಸತ್ತ ಗಂಡಸರ ಎಣ್ಣೆಚಿತ್ರಗಳು. ಈ ಕೋಣೆಯಲ್ಲಿ ಕೂರಲು ಸಾವಿರಾರು ಮಕ್ಕಳು ಪರೀಕ್ಷೆ ಬರೆದು ಸೋಲುತ್ತಾರೆ. ಉಳಿದವರು ಅಪ್ಪಂದಿರು ಕೂತಿದ್ದ ಜಾಗಕ್ಕೆ ಬಂದು ಕೂರುತ್ತಾರೆ. ಪರೀಕ್ಷೆ ಬರೆದು ಗೆದ್ದು ಬಂದ ಹುಡುಗಿಗೆ ಆ ಪುಟ ಓದಿ ನಗು ಬಂತು. ತಡೆದಳು. ತಡೆದಷ್ಟೂ ಉಕ್ಕಿತು. ಕೊನೆಗೆ ಅದು ಮೂಗಿನಿಂದ ಹೊರಬಂತು.

ವೇದಿಕೆಯ ಮೇಲಿದ್ದ ಮೇಡಂ ಮಾತು ನಿಲ್ಲಿಸಿದರು. ಆ ಪುಸ್ತಕ ಅವರದೇ. ಬೆಳ್ಳಿ ಕೂದಲು, ತಗ್ಗಿದ ದನಿ, ಎಂದೂ ಯಾರ ಮೇಲೂ ರೇಗದ ಹೆಂಗಸು. “ಕೆಲವರಿಗೆ ನೋವು ನಗುವಿನ ರೂಪದಲ್ಲಿ ಬರುತ್ತದೆ. ಪರವಾಗಿಲ್ಲ” ಎಂದರು. ನಲವತ್ತು ಜನ ಕುತ್ತಿಗೆ ತಿರುಗಿಸಿ ಹುಡುಗಿಯನ್ನು ಕರುಣೆಯಿಂದ ನೋಡಿದರು. ಅವಳಿಗೆ ಅವರ ಮುಖಕ್ಕೆ ನೆನೆದ ಬೆಡ್‌ಶೀಟು ಎಸೆಯಬೇಕು ಎನಿಸಿತು.

ಯಾಕೆಂದರೆ ಆ ಕಣ್ಣೀರು ಹುಟ್ಟಿದ ದಿನ ಅವಳು ಅಲ್ಲೇ ಇದ್ದಳು.

ಆಗ ಅವಳಿಗೆ ಹನ್ನೆರಡು. ಶಾಲೆ ಬಿಟ್ಟ ಮೇಲೆ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಗೆ ಬಂದು, ಒಗೆದ ಬಟ್ಟೆಯ ಮೂಟೆ ಹತ್ತಿ ಕೂತು ಪಾಠ ಓದುತ್ತಿದ್ದಳು. ಅಮ್ಮ, ದೊಡ್ಡಮ್ಮ ಇಬ್ಬರೂ ಅಲ್ಲೇ ದುಡಿಯುತ್ತಿದ್ದರು. ವಾರ್ಡುಗಳಿಂದ ಚೀಲಗಳಲ್ಲಿ ಬಟ್ಟೆ ಬೀಳುತ್ತಿತ್ತು. ಮಲ, ಮೂತ್ರ, ವಾಂತಿ, ರಕ್ತ, ಕೀವು. ಜನ ಹುಟ್ಟುವಾಗಲೂ ಸಾಯುವಾಗಲೂ ಏನೇನು ಬಿಡುತ್ತಾರೋ ಎಲ್ಲ. ಉದ್ದದ ಮೇಜಿನ ಎರಡೂ ಕಡೆ ಹೆಂಗಸರು ನಿಂತು ಒಂದೊಂದೇ ಬಟ್ಟೆ ಎಳೆದು ಬೇರೆ ಮಾಡಬೇಕು. ಕೈಗವಸು ಇರಲಿಲ್ಲ. ಇದ್ದವು, ಮೇಸ್ತ್ರಿಯ ಬೀರುವಿನಲ್ಲಿ, ತಪಾಸಣೆಯವರು ಬಂದ ದಿನ ಹಾಕಿಕೊಳ್ಳಲು. ಬಟ್ಟೆಯ ಮಡಿಕೆಯೊಳಗೆ ವಾರ್ಡಿನವರು ಮರೆತುಬಿಟ್ಟ ಸೂಜಿಗಳು ಬರುತ್ತಿದ್ದವು. ಒಮ್ಮೊಮ್ಮೆ ಬ್ಲೇಡು.

ಮೇಜಿನ ಕೆಲಸ ನಿಲ್ಲಿಸುವಂತಿಲ್ಲ. ಅದಕ್ಕೆ ಹೆಂಗಸರು ತಾವೇ ಒಂದು ದಾರಿ ಮಾಡಿಕೊಂಡಿದ್ದರು. ಮೊದಲು ಅಂಗೈ ಚಪ್ಪಟೆ ಮಾಡಿ ಬಟ್ಟೆಯ ಮೇಲೆ ಹಗುರಾಗಿ ಸವರುವುದು. ಒಳಗೆ ಗಟ್ಟಿ ಏನಾದರೂ ತಾಗಿತೋ, ಬಿಡಿಸಬಾರದು. ಮೂಲೆಗೆ ಗಂಟು ಹಾಕಿ ಪಕ್ಕದ ರಾಶಿಗೆ ಎಸೆಯುವುದು. ಗಂಟಿದ್ದ ಬಟ್ಟೆಯನ್ನು ಕೈಯಲ್ಲಿ ಯಾರೂ ಮುಟ್ಟುವುದಿಲ್ಲ. ಪಾಳಿಯ ಕೊನೆಗೆ ದೊಡ್ಡಮ್ಮ ಇಕ್ಕಳ ಹಿಡಿದು ನಿಂತು ಒಂದೊಂದೇ ಬಿಚ್ಚುತ್ತಾಳೆ. ಇಡೀ ಲಾಂಡ್ರಿಗೆ ಇದ್ದದ್ದು ಒಂದೇ ಇಕ್ಕಳ.

ಗಂಟು ಎಂದರೆ ಇಷ್ಟೇ. ಒಳಗೆ ಸೂಜಿ ಇದೆ, ಕೈ ಹಾಕಬೇಡ.

ಆ ದಿನ ಮೇಡಂ ಒಬ್ಬ ದುಭಾಷಿಯ ಜೊತೆ ಬಂದರು. ಲಾಂಡ್ರಿಯ ಮಾತು ಅವರಿಗೆ ಬಾರದು, ಅವರ ಮಾತು ಲಾಂಡ್ರಿಗೆ ಬಾರದು. ಎಲ್ಲ ನೋಡಿದರು. ಮೂಲೆಯ ಗಂಟು ನೋಡಿದರು. ಇದು ಯಾಕೆ ಎಂದು ಕೇಳಿಸಿದರು. ಅವರ ಬೆನ್ನ ಹಿಂದೆಯೇ ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಹಿಂದಿನ ವರ್ಷ ಒಬ್ಬಳು ತಪಾಸಣೆಯವರ ಹತ್ತಿರ ಸೂಜಿಯ ಮಾತೆತ್ತಿದ್ದಳು. ಮರುದಿನ ಗೇಟಿನವನು ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಎಲ್ಲರೂ ದೊಡ್ಡಮ್ಮನನ್ನು ನೋಡಿದರು.

ದೊಡ್ಡಮ್ಮ ಸುಳ್ಳು ಹೇಳುವುದರಲ್ಲಿ ಪಳಗಿದ ಕೈ. ಫಾರಂ ಹಿಡಿದು ಬಂದವರಿಗೆಲ್ಲ ಅವಳ ಬಳಿ ಒಂದೊಂದು ಕಥೆ ಇತ್ತು. ಬರೆದುಕೊಂಡು ಹೋದವರು ಯಾರೂ ತಿರುಗಿ ಬರುವುದಿಲ್ಲ, ನಿಜ ಹೇಳಿ ಯಾಕೆ ಹಾಳು ಮಾಡಬೇಕು ಎನ್ನುತ್ತಿದ್ದಳು. ಒಬ್ಬರಿಗೆ ಹನ್ನೊಂದು ಹೆತ್ತೆ ಎಂದಿದ್ದಳು, ಇನ್ನೊಬ್ಬರಿಗೆ ಮದುವೆಯೇ ಆಗಿಲ್ಲ ಎಂದಿದ್ದಳು. ಈಗ ಕೈ ಒರೆಸಿಕೊಂಡು, ದನಿ ತೆಳ್ಳಗೆ ಮಾಡಿ ಹೇಳಿದಳು:

“ಇದು ಯಾರೋ ಮಲಗಿ ಎದ್ದ ಬಟ್ಟೆ ತಾಯಿ. ಎದ್ರೋ, ಹಾಗೇ ಹೋದ್ರೋ, ನಮಗೇನು ಗೊತ್ತು? ಅವರ ಸಂಕಟ ಅವರ ಜೊತೇಲೇ ಮುಗೀಲಿ ಅಂತ ಮೂಲೇಲಿ ಕಟ್ಟಿಡ್ತೀವಿ. ಒಂದು ತೊಟ್ಟು ಕಣ್ಣೀರು ಹಾಕ್ತೀವಿ.”

ಮೇಡಂ ಬರೆದುಕೊಂಡರು. ಪ್ರತಿ ಸಲವೂ ಅಳುತ್ತೀರಾ ಎಂದು ಕೇಳಿಸಿದರು.

“ಪ್ರತಿ ಸಲ. ಬೆಳಿಗ್ಗೆ ಪಾಳೀಲಿ ಸ್ವಲ್ಪ ಜಾಸ್ತಿ” ಎಂದಳು ದೊಡ್ಡಮ್ಮ.

ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಹೆಂಗಸರು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಒಬ್ಬಳು ನೆಲದ ಮೇಲೇ ಕುಸಿದಳು. ಆಮೇಲೆ ಒಂದು ವಾರ, ಎದುರಾದವರೆಲ್ಲ ಇವತ್ತು ಎಷ್ಟು ತೊಟ್ಟು ಅತ್ತೆ ಎಂದು ದೊಡ್ಡಮ್ಮನನ್ನು ಕೇಳುವುದು, ಅವಳು ಬಕೆಟ್ಟು ತೋರಿಸುವುದು ನಡೆಯಿತು.

ಆ ಒಂದು ತೊಟ್ಟು ಕಣ್ಣೀರಿನಿಂದ ಮೇಡಂ ಮುನ್ನೂರು ಪುಟ ಬರೆದಿದ್ದರು. ‘ಶೋಕದ ಗಂಟು’ ಎಂಬ ಅವರ ಸಿದ್ಧಾಂತವನ್ನು ಈಗ ಸಮುದ್ರದಾಚೆಯ ತರಗತಿಗಳಲ್ಲೂ ಓದಿಸುತ್ತಿದ್ದರು.

*

ಆ ವಿಶ್ವವಿದ್ಯಾಲಯದಲ್ಲಿ ಯಾರೂ ಹುಡುಗಿಯನ್ನು ಬೈಯಲಿಲ್ಲ. ಅಲ್ಲಿ ಬೈಯುವುದು ಒರಟುತನ. ತರಗತಿಯಲ್ಲಿ ಬಡತನದ ಮಾತು ಬಂದಾಗ ಎಲ್ಲರೂ ಗೌರವದಿಂದ ಸುಮ್ಮನಾಗಿ ಅವಳ ಬಾಯಿ ನೋಡುತ್ತಿದ್ದರು, ಅಷ್ಟೇ. ಗಣಿತದ ಮಾತಾದಾಗ ಯಾರೂ ನೋಡುತ್ತಿರಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೆ ಅವಳಿಗೇ ಹೆಚ್ಚು ಅಂಕ ಬಂದಿತ್ತು. ಊಟದ ಮನೆಯಲ್ಲಿ ಅವಳು ಪಾಳಿಯವರಂತೆ ಏಳು ನಿಮಿಷಕ್ಕೆ ತಟ್ಟೆ ಬಳಿದೇಳುವುದನ್ನು ಯಾರೋ ಗಮನಿಸಿ, ನಿಧಾನ, ಯಾರೂ ಕಿತ್ಕೊಳ್ಳಲ್ಲ ಎಂದು ಬೆನ್ನು ಸವರಿದ್ದರು. ಸವರಿದವಳ ಪ್ಯಾಂಟು ಮಂಡಿಯಲ್ಲಿ ಹರಿದಿತ್ತು. ಅಂಗಡಿಯಲ್ಲೇ ಹರಿದು ಮಾರಿದ್ದು.

ಹಾಸ್ಟೆಲಿನಲ್ಲಿ ವಾರಕ್ಕೊಮ್ಮೆ ಒಗೆದ ಬೆಡ್‌ಶೀಟು ಬರುತ್ತಿತ್ತು. ಹುಡುಗಿ ಹಾಸಿಗೆಯ ಮೇಲೆ ಕೂರುವ ಮೊದಲು ತನಗೇ ತಿಳಿಯದಂತೆ ಅಂಗೈ ಚಪ್ಪಟೆ ಮಾಡಿ ಅದನ್ನು ಸವರುತ್ತಿದ್ದಳು. ಕೋಣೆಯ ಜೊತೆಗಾತಿಗೆ ಅದೊಂದು ತಮಾಷೆ. ಊಟದ ಮೇಜಿನಲ್ಲಿ ಅದನ್ನು ಅಭಿನಯಿಸಿ ತೋರಿಸಿದಳು. ಅಂದಿನಿಂದ ಹುಡುಗಿಗೆ ‘ಇಸ್ತ್ರಿ’ ಎಂಬ ಹೆಸರಾಯಿತು. ಪ್ರೀತಿಯಿಂದಲೇ ಕರೆಯುತ್ತಿದ್ದರು. ಪ್ರೀತಿಯಿಂದ ಕರೆದಾಗ ಕೆನ್ನೆಗೆ ಬಾರಿಸಲು ಬರುವುದಿಲ್ಲ. ಅದೇ ಅವರ ಜಾಣತನ.

ಎರಡನೇ ವರ್ಷ ಅವಳೊಂದು ತಪ್ಪು ಮಾಡಿದಳು. ಹದಿನಾಲ್ಕನೇ ಮಾಹಿತಿದಾರೆ ತನ್ನ ದೊಡ್ಡಮ್ಮ ಎಂದು ಮೇಡಂಗೆ ಹೇಳಿದಳು. ಯಾಕೆ ಹೇಳಿದಳೋ. ಆ ಕಲ್ಲಿನ ಕಟ್ಟಡದಲ್ಲಿ ಒಬ್ಬರಾದರೂ ತನ್ನನ್ನು ನೋಡಲಿ ಎಂಬ ಆಸೆ ಇತ್ತು. ಒಳಗೊಳಗೇ ಅದು ಅವಳಿಗೂ ಗೊತ್ತಿತ್ತು. ಮೇಡಂ ಅವಳ ಎರಡೂ ಕೈ ಹಿಡಿದುಕೊಂಡರು. “ನೀನು ನನ್ನ ಪುಸ್ತಕದಿಂದಲೇ ಎದ್ದು ಬಂದಿದ್ದೀಯ” ಎಂದರು. ಅವಳು ಬಂದದ್ದು ಅಮ್ಮನ ಹೊಟ್ಟೆಯಿಂದ.

ಅಂದಿನಿಂದ ಅವಳು ಮೇಡಂನ ಸಹಾಯಕಿ. ಅತಿಥಿಗಳು ಬಂದರೆ ‘ನಮ್ಮ ಹುಡುಗಿ’ ಎಂದು ಕರೆದು ತೋರಿಸುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, ಆ ಗಂಟು ಸೂಜಿಗೆ ಹಾಕುವುದು ಮೇಡಂ ಎಂದಳು. ಮೇಡಂ ಮುಗುಳ್ನಕ್ಕರು. ಅದು ಮೇಲ್ನೋಟದ ಅರ್ಥ, ಒಳಗಿನವರಿಗೆ ತಮ್ಮ ಆಚರಣೆ ಎಂದೂ ಪೂರ್ತಿ ಕಾಣುವುದಿಲ್ಲ, ಅದನ್ನು ನೋಡಲು ಸ್ವಲ್ಪ ದೂರ ಬೇಕು, ನಿನಗಿನ್ನೂ ಆ ದೂರ ಸಾಲದು ಎಂದರು. ಲಾಂಡ್ರಿಗೂ ಆ ಕೋಣೆಗೂ ನಡುವೆ ಎರಡು ಬಸ್ಸು ಬದಲಿಸಬೇಕಿತ್ತು. ಅದೂ ಸಾಲದಂತೆ.

ಕೊನೆಯ ವರ್ಷ ಪ್ರಬಂಧ ಬರೆಯಬೇಕಿತ್ತು. ಅದಕ್ಕೆ ಮೇಡಂ ಸಹಿ ಬಿದ್ದರೆ ಮುಂದಿನ ಸಂಶೋಧನೆಯ ಸೀಟು. ಬೀಳದಿದ್ದರೆ ಮನೆ. ಹುಡುಗಿ ಮೂರನೇ ಅಧ್ಯಾಯಕ್ಕೆ ‘ಸೂಜಿ’ ಎಂದು ಹೆಸರಿಟ್ಟಳು. ಲಾಂಡ್ರಿಯ ಇಪ್ಪತ್ತಮೂರು ಹೆಂಗಸರ ಬಳಿ ಕೂತು, ಸೂಜಿ ಚುಚ್ಚಿದ್ದು ಯಾವ ಕೈ, ಯಾವ ಬೆರಳು, ಯಾವ ವಾರ್ಡಿನ ಚೀಲ, ಎಷ್ಟು ದಿನ ಜ್ವರ ಎಂದು ಕೇಳಿ ಬರೆದಳು. ಫಾರಂ ಹಿಡಿದು ಬಂದವಳಿಗೆ ಅವರು ನಿಜ ಹೇಳಿದ್ದು ಅದೇ ಮೊದಲು. ಮನೆಯ ಹುಡುಗಿ ಎಂದು ಹೇಳಿದರು.

ಮೇಡಂ ಆ ಅಧ್ಯಾಯದ ಮೇಲೆ ಉದ್ದಕ್ಕೊಂದು ಗೆರೆ ಎಳೆದರು. ಪೆನ್ಸಿಲಿನಲ್ಲಿ, ಮೆಲ್ಲಗೆ. “ಇದು ದೂರಿನ ಅರ್ಜಿ, ಪ್ರಬಂಧವಲ್ಲ. ಕೋಪ ಜ್ಞಾನವಲ್ಲಮ್ಮಾ. ಇದನ್ನು ತೆಗೆದರೆ ಉಳಿದದ್ದು ಬಹಳ ಚೆನ್ನಾಗಿದೆ.”

ಹುಡುಗಿ ತೆಗೆದಳು. ಒಂದು ಗುಂಡಿ ಒತ್ತಿದಳು, ಇಪ್ಪತ್ತಮೂರು ಹೆಂಗಸರ ಬೆರಳು ಅಳಿಸಿಹೋಯಿತು. ಬೇರೆ ಕಡೆ ಇನ್ನೊಂದು ಪ್ರತಿ ಇದೆ, ಸಹಿ ಆಗಲಿ, ಆಮೇಲೆ ಎಲ್ಲ ಬರೆಯೋಣ ಎಂದು ತನಗೆ ತಾನೇ ಹೇಳಿಕೊಂಡಳು. ಅಂಥ ಸಮಾಧಾನದ ಮಾತುಗಳನ್ನು ಅವಳು ಆ ನಾಲ್ಕು ವರ್ಷದಲ್ಲೇ ಕಲಿತದ್ದು. ಲಾಂಡ್ರಿಯಲ್ಲಿ ಅವನ್ನು ಯಾರೂ ಕಲಿಸಿರಲಿಲ್ಲ.

*

ಅದಾಗಿ ಒಂದು ತಿಂಗಳಿಗೆ ಹೊರದೇಶದ ಪಂಡಿತರ ತಂಡ ಬಂತು. ಅವರು ಶೋಕದ ಗಂಟನ್ನು ಕಣ್ಣಾರೆ ನೋಡಬೇಕು. ಮೇಡಂ ಕರೆತಂದರು, ದುಭಾಷಿ ಈಗ ಹುಡುಗಿಯೇ. ಮೇಸ್ತ್ರಿ ಚುರುಕು ಮನುಷ್ಯ. ಪತ್ರಿಕೆಯಲ್ಲಿ ಪುಸ್ತಕದ ವಿಷಯ ಬಂದಾಗಿನಿಂದ ಅವನಿಗೆ ಆ ಗಂಟಿನ ಮೇಲೆ ಬಹಳ ಪ್ರೀತಿ ಹುಟ್ಟಿತ್ತು. ಅಂದು ಬೆಳಿಗ್ಗೆಯೇ ಅಪ್ಪಣೆ ಮಾಡಿದ್ದ: ಒಂದು ಬೆಡ್‌ಶೀಟೂ ಬಿಡದೆ ಎಲ್ಲಕ್ಕೂ ಗಂಟು ಹಾಕಬೇಕು.

ಹುಡುಗಿ ಮೆಟ್ಟಿಲಿಳಿದು ನೋಡಿದಳು. ಮೇಜಿನ ಮೇಲೆ, ನೆಲದ ಮೇಲೆ, ಗೋಡೆಗೆ ಒರಗಿ, ಎಲ್ಲೆಲ್ಲೂ ಗಂಟು ಹಾಕಿದ ಬಟ್ಟೆಯ ರಾಶಿ. ಸೂಜಿ ಇದ್ದದ್ದು ಯಾವುದು, ಇಲ್ಲದ್ದು ಯಾವುದು, ದೇವರಿಗೂ ತಿಳಿಯುವಂತಿರಲಿಲ್ಲ.

“ಇವತ್ತು ಊರಿಗೆ ಊರೇ ಸತ್ತಿದೆ ಮರಿ” ಎಂದು ದೊಡ್ಡಮ್ಮ ಕಣ್ಣು ಹೊಡೆದಳು. “ಅಳೋಕೆ ನನ್ನೊಬ್ಬಳ ಕೈಲಿ ಆಗಲ್ಲ.”

ಇದನ್ನು ಬಿಚ್ಚುವವರು ಯಾರು, ಹೇಗೆ? ಕೇಳಲು ಹುಡುಗಿ ಬಾಯಿ ತೆರೆದಳು. ಮೇಡಂ ಅವಳತ್ತ ನೋಡಿದರು. ನೋಟದಲ್ಲಿ ಬೆದರಿಕೆ ಏನಿರಲಿಲ್ಲ, ಬರೀ ನಂಬಿಕೆ ಇತ್ತು. ಹುಡುಗಿ ತೆರೆದ ಬಾಯಿಯಿಂದ ಅನುವಾದ ಮಾಡಿದಳು. ಶೋಕ ಎಂದಳು. ಸ್ಮರಣೆ ಎಂದಳು. ಪಂಡಿತರಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅತಿಥಿಗಳು ಹೋದರು. ಯಂತ್ರಗಳು ಖಾಲಿ ನಿಂತಿದ್ದವು. ಮೇಸ್ತ್ರಿ ಗಡಿಯಾರ ನೋಡಿ, ಇಕ್ಕಳ ಹಿಡಿದು ಕೂತರೆ ನಾಳೆಯಾಗುತ್ತೆ, ಕೈಯಲ್ಲೇ ಬಿಚ್ಚಿ ಎಂದು ಕೂಗಿದ. ಬಿಚ್ಚಿದರು. ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಬುಡಕ್ಕೆ ಸೂಜಿ ಇಳಿಯಿತು. ಸಣ್ಣದಲ್ಲ. ಕೊಳವೆಯಲ್ಲಿ ಇನ್ನೂ ಯಾರದೋ ರಕ್ತ ಇತ್ತು.

ಮೇಲಿನ ಮಹಡಿಯ ಡಾಕ್ಟರು, ಸೋಂಕು ತಗಲದಿರಲಿ ಎಂದು, ಒಂದು ತಿಂಗಳು ನುಂಗಲು ಮಾತ್ರೆ ಕೊಟ್ಟರು. ಒಂದೂವರೆ ತಿಂಗಳಾದಾಗ ಒಂದು ರಕ್ತ ಪರೀಕ್ಷೆ, ಮೂರು ತಿಂಗಳಾದಾಗ ಇನ್ನೊಂದು. ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು. ಮಾತ್ರೆ ನುಂಗಿದ ಅರ್ಧ ಗಂಟೆಗೆ ವಾಂತಿ ಬಂದು ದೊಡ್ಡಮ್ಮ ಬಕೆಟ್ಟಿನ ಮುಂದೆ ಕೂರುತ್ತಿದ್ದಳು. ವರದಿ ಬರುವವರೆಗೆ ಕೆಲಸಕ್ಕೆ ಬರಬೇಡ ಎಂದು ಮೇಸ್ತ್ರಿ ಹೇಳಿ ಕಳಿಸಿದ. ಗಾಯದ ಪುಸ್ತಕದಲ್ಲಿ ‘ಮನೆಯಲ್ಲಿ ಬಟ್ಟೆ ಹೊಲಿಯುವಾಗ ಚುಚ್ಚಿಕೊಂಡದ್ದು’ ಎಂದು ಬರೆದುಕೊಂಡಿದ್ದ. ದೊಡ್ಡಮ್ಮನಿಗೆ ಹೊಲಿಗೆಯೇ ಬಾರದು.

ಹುಡುಗಿ ಹೋಗಿ ಮೇಡಂಗೆ ಎಲ್ಲ ಹೇಳಿದಳು. ಎಲ್ಲಕ್ಕೂ ಗಂಟು ಹಾಕಿಸಿದ್ದು, ಯಾಕೆ ಹಾಕಿಸಿದ್ದು, ಕೈಯಲ್ಲಿ ಬಿಚ್ಚಿಸಿದ್ದು. ಮೇಡಂ ಕಣ್ಣು ಮುಚ್ಚಿ ಕೇಳಿದರು. ಛೆ ಎಂದರು. ಸುರಕ್ಷತೆ ಎಂಜಿನಿಯರಿಂಗ್ ವಿಭಾಗದ ವಿಷಯ, ಅಲ್ಲಿ ತಮಗೆ ಗೊತ್ತಿರುವವರಿದ್ದಾರೆ, ಬರೆಯುತ್ತೇನೆ ಎಂದರು. ಆಮೇಲೆ, ದೊಡ್ಡಮ್ಮನಿಗೆ ಹದಿನೈದನೇ ತಾರೀಕಿಗೆ ಓಡಾಡಲು ಆಗುತ್ತದೆಯೇ ಎಂದು ಕೇಳಿದರು.

ಹದಿನೈದಕ್ಕೆ ಪುಸ್ತಕಕ್ಕೆ ಪ್ರಶಸ್ತಿ ಕೊಡುವವರಿದ್ದರು. ವೇದಿಕೆಯ ಮೇಲೆ ಮಾಹಿತಿದಾರೆ ಹದಿನಾಲ್ಕು ಬಂದು ಒಂದು ಗಂಟು ಹಾಕಿ ತೋರಿಸಬೇಕು, ನಾಲ್ಕು ಮಾತಾಡಬೇಕು.

“ನೀನು ಅನುವಾದ ಮಾಡು. ಅದೇ ಮೇಜಿನ ಮೇಲೆ ನಿನ್ನ ಪ್ರಬಂಧವನ್ನೂ ಇಡೋಣ. ಎಲ್ಲರ ಎದುರಿಗೇ ನಾನು ನಿನ್ನ ಪತ್ರಕ್ಕೆ ಸಹಿ ಹಾಕುತ್ತೇನೆ. ಚೆನ್ನಾಗಿ ಕಾಣುತ್ತದೆ.”

*

ಹುಡುಗಿ ಮನೆಗೆ ಹೋದಾಗ ಮಧ್ಯಾಹ್ನ. ಅಮ್ಮ ಬೆಳಗಿನ ಪಾಳಿ ಮುಗಿಸಿ ಬಂದು, ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಮೂರು ಸಲ ತಿಕ್ಕದೆ ಅವಳು ಏನನ್ನೂ ಮುಟ್ಟುತ್ತಿರಲಿಲ್ಲ. ದೊಡ್ಡಮ್ಮ ಕಿಟಕಿಯ ಕೆಳಗೆ ಗೋಡೆಗೆ ಒರಗಿದ್ದಳು. ಮುಖ ಬೂದಿಯ ಬಣ್ಣವಾಗಿತ್ತು. ಪಕ್ಕದಲ್ಲಿ ಬಕೆಟ್ಟು.

ಹುಡುಗಿ ಹದಿನೈದನೇ ತಾರೀಕಿನ ವಿಷಯ ಹೇಳಿದಳು. ಅಮ್ಮ ನಲ್ಲಿ ನಿಲ್ಲಿಸಿದಳು. ಹೋಗಿ ಒಂದು ಗಂಟು ಹಾಕಿ ಬಂದರೆ ನಮ್ಮ ಗಂಟೇನು ಹೋಗುತ್ತದೆ ಎಂಬುದು ಅವಳ ವಾದ. ಮಗಳ ಓದು ಮುಗಿಯಬೇಕು. ನಿಜ ಹೇಳಲು ಮುಂದೆ ಬೇಕಾದಷ್ಟು ಕಾಲವಿದೆ.

“ಸುಳ್ಳು ಹೇಳೋದು ನನಗೇನು ಹೊಸದಾ?” ಎಂದಳು ದೊಡ್ಡಮ್ಮ. “ಇವಳ ಕಾಗದಕ್ಕೆ ಸಹಿ ಬೀಳುತ್ತೆ ಅಂದ್ರೆ ಹತ್ತು ಗಂಟು ಹಾಕ್ತೀನಿ. ಅಳು ಅಂದ್ರೆ ಅಳ್ತೀನಿ, ಈರುಳ್ಳಿ ಇಟ್ಕೊಂಡು ಹೋದ್ರಾಯ್ತು.” ಕಣ್ಣು ಮುಚ್ಚಿ ಉಸಿರು ತೆಗೆದುಕೊಂಡಳು. “ಅದಿರಲಿ. ನಮ್ಮ ಬೆರಳಿಂದೆಲ್ಲ ಬರ್ಕೊಂಡು ಹೋಗಿದ್ಯಲ್ಲ, ಅದನ್ನ ಓದು. ಹೊತ್ತು ಹೋಗಲಿ.”

ಹುಡುಗಿ ನೆಲ ನೋಡಿದಳು.

“ಅದು ಇಲ್ಲ ದೊಡ್ಡಮ್ಮ. ತೆಗೆದೆ.”

“ಯಾಕೆ?”

“ಮೇಡಂ ಬೇಡ ಅಂದ್ರು.”

“ನನ್ನ ಬೆರಳೂ ಇತ್ತಾ ಅದರಲ್ಲಿ?”

“ಇತ್ತು. ಹಳೇ ಎರಡು ಗಾಯ.”

ಹುಡುಗಿ ಬೈಗುಳಕ್ಕಾಗಿ ಕಾದಳು. ದೊಡ್ಡಮ್ಮನ ಬೈಗುಳ ತಿಂದೇ ಅವಳು ದೊಡ್ಡವಳಾದದ್ದು, ಬೈದರೆ ಹಗುರವಾಗುತ್ತಿತ್ತು. ದೊಡ್ಡಮ್ಮ ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.

“ನಾನು ಮೇಸ್ತ್ರಿಗೆ ಹೆದರಿ ಸುಳ್ಳು ಹೇಳ್ದೆ. ಅವನು ಅನ್ನ ಕಿತ್ಕೊಳ್ಳೋ ಜಾತಿ, ಹೆದರಬೇಕು. ನೀನು ಯಾರಿಗೆ ಹೆದರಿದೆ ಮರಿ? ಆ ಮೆತ್ತನೆ ಹೆಂಗಸಿಗಾ?”

ಮೇಡಂ ಒಂದು ದಿನವೂ ದನಿ ಏರಿಸಿರಲಿಲ್ಲ. ಕೈ ಹಿಡಿದಿದ್ದರು, ಬೆನ್ನು ತಟ್ಟಿದ್ದರು, ನಮ್ಮ ಹುಡುಗಿ ಎಂದಿದ್ದರು. ಆ ಮೆತ್ತನೆಯ ಕೈ ಎಲ್ಲಿ ಬಿಟ್ಟುಹೋಗುತ್ತದೋ ಎಂಬುದೇ ಹುಡುಗಿಯ ಭಯವಾಗಿತ್ತು. ಕಾಲಿಗೆ ಬೀಳಿಸದೆಯೇ ಅವಳನ್ನು ಬಗ್ಗಿಸಿದ್ದರು. ಅದು ಈಗ ಕಂಡಿತು, ನಾಲ್ಕು ವರ್ಷ ತಿಂದದ್ದೆಲ್ಲ ಬಾಯಿಗೆ ಬಂದಂತೆ. ಬಕೆಟ್ಟು ದೊಡ್ಡಮ್ಮನಿಗಿಂತ ಅವಳಿಗೇ ಬೇಕಾಗಿತ್ತು.

“ಅಲ್ಲಿ ನಾನೇನು ಹೇಳಿದ್ರೂ ಹಾಗೇ ಹೇಳ್ತೀಯಾ?” ಎಂದು ದೊಡ್ಡಮ್ಮ ಕೇಳಿದಳು.

“ಹೇಳ್ತೀನಿ.”

“ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.”

“ಇಲ್ಲ.”

ಅಮ್ಮ ಇಬ್ಬರನ್ನೂ ನೋಡಿದಳು. ನನ್ನ ಕೆಲಸ, ಇವಳ ಸಹಿ, ಅಕ್ಕಾ, ಸ್ವಲ್ಪ ಯೋಚನೆ ಮಾಡು ಎಂದಳು. ಆಮೇಲೆ ದೊಡ್ಡಮ್ಮನ ಹೆಬ್ಬೆರಳಿನ ಪಟ್ಟಿಯತ್ತ ಅವಳ ಕಣ್ಣು ಹೋಯಿತು. ಮತ್ತೆ ನಲ್ಲಿ ತಿರುಗಿಸಿ, ತೊಳೆದ ಕೈಯನ್ನೇ ನಾಲ್ಕನೇ ಸಲ ತಿಕ್ಕತೊಡಗಿದಳು.

*

ಹದಿನೈದರ ಬೆಳಿಗ್ಗೆ ಹುಡುಗಿ ಪ್ರಬಂಧವನ್ನು ಹೊಸದಾಗಿ ಅಚ್ಚು ಹಾಕಿಸಿ ರಟ್ಟು ಕಟ್ಟಿಸಿದಳು. ಮೂರನೇ ಅಧ್ಯಾಯ ತನ್ನ ಜಾಗದಲ್ಲಿತ್ತು. ಕೊನೆಗೆ ಹೊಸದಾಗಿ ಅರ್ಧ ಪುಟ ಸೇರಿಸಿದ್ದಳು: ಬಲಗೈ, ಹೆಬ್ಬೆರಳಿನ ಬುಡ, ಅತಿಥಿಗಳು ಬಂದ ದಿನ. ಮಾಹಿತಿದಾರೆ ಎಂದು ಬರೆದಿರಲಿಲ್ಲ. ದೊಡ್ಡಮ್ಮನ ಪೂರ್ತಿ ಹೆಸರು ಬರೆದಿದ್ದಳು.

ಸಭಾಂಗಣದ ಬಾಗಿಲಲ್ಲಿ ಒಬ್ಬಳು ದೊಡ್ಡಮ್ಮನ ಎದೆಗೆ ಬ್ಯಾಡ್ಜು ಚುಚ್ಚಿದಳು. ‘ಗೌರವ ಅತಿಥಿ’ ಎಂದಿತ್ತು. ಹೆಸರಿನ ಜಾಗ ಖಾಲಿ. ಮೆತ್ತನೆಯ ಕುರ್ಚಿಗಳ ತುಂಬ ಜನ. ವೇದಿಕೆಯಲ್ಲಿ ಕನ್ನಡಿಯಂತೆ ಹೊಳೆಯುವ ಮೇಜು, ಅದರ ಮೇಲೆ ಪ್ರಬಂಧ, ಸಹಿಯ ಪತ್ರ, ತೆರೆದಿಟ್ಟ ಪೆನ್ನು. ಪಕ್ಕದಲ್ಲಿ ಮಡಿಚಿದ ಬಿಳಿ ಬೆಡ್‌ಶೀಟು. ಅಂಗಡಿಯಿಂದ ತಂದ ಹೊಸದು. ಗಂಜಿಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಯಾರೂ ಅದರ ಮೇಲೆ ಹುಟ್ಟಿರಲಿಲ್ಲ, ಸತ್ತಿರಲಿಲ್ಲ.

ಮೇಡಂ ಅರ್ಧ ಗಂಟೆ ಮಾತಾಡಿದರು. ಪ್ರಬಂಧವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ತೆರೆಯಲಿಲ್ಲ. ಪೆನ್ನು ಕೈಗೆತ್ತಿಕೊಂಡು, ಮೊದಲು ಇವರ ಗಂಟು, ಆಮೇಲೆ ನನ್ನ ಸಹಿ ಎಂದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಹುಡುಗಿ ಮೈಕಿನ ಮುಂದೆ ನಿಂತಳು.

ದೊಡ್ಡಮ್ಮ ಬೆಡ್‌ಶೀಟನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು. ಅಂಗೈ ಚಪ್ಪಟೆ ಮಾಡಿ, ಈ ತುದಿಯಿಂದ ಆ ತುದಿಗೆ ಹಗುರಾಗಿ ಸವರಿದಳು. ಹಿಂದಿನ ಸಾಲಿನಲ್ಲಿ ಹುಡುಗಿಯ ಕೋಣೆಯ ಜೊತೆಗಾತಿ ಕೂತಿದ್ದಳು. ಅವಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಲು ಬಾಗಿದವಳು ಅರ್ಧಕ್ಕೇ ನಿಲ್ಲಿಸಿದಳು.

“ಇದರಲ್ಲಿ ಏನೂ ಇಲ್ಲ” ಎಂದಳು ದೊಡ್ಡಮ್ಮ. “ಗಂಟು ಯಾಕೆ ಹಾಕಲಿ?”

ಹುಡುಗಿ ಹಾಗೇ ಹೇಳಿದಳು. ಸಭೆಯಲ್ಲಿ ಸಣ್ಣ ನಗು. ಸುಮ್ಮನೆ ತೋರಿಸಲು ಹಾಕಲಿ ಎಂದರು ಮೇಡಂ.

“ತೋರಿಸೋಕೆ ಅಂತ ಹಾಕಿದ್ದಕ್ಕೇ ಇದಾಯ್ತು” ಎಂದು ದೊಡ್ಡಮ್ಮ ಬಲಗೈ ಎತ್ತಿದಳು. “ಗಂಟು ಇರೋದು ಸೂಜಿಗೆ ತಾಯಿ. ಸತ್ತೋರಿಗಲ್ಲ. ಅವತ್ತು ಮೇಸ್ತ್ರಿ ನಿಮ್ಮ ಬೆನ್ನ ಹಿಂದೆ ನಿಂತಿದ್ದ. ನಿಮಗೆ ಕಥೆ ಬೇಕಿತ್ತು, ನನಗೆ ಕೆಲಸ ಬೇಕಿತ್ತು. ಹೇಳ್ದೆ. ನೀವು ತಿರುಗಿ ಅವನ ಮುಖ ನೋಡಿದ್ರೆ ಸಾಕಿತ್ತು, ಗೊತ್ತಾಗ್ತಿತ್ತು.”

ಹುಡುಗಿ ಹೇಳಿದಳು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.

ಮೇಡಂ ಮುಖ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ಅಲ್ಲಿಗೆ ಮುಗುಳ್ನಗೆ ಹಿಂತಿರುಗಿ ಬಂತು, ಬೀಗವಿದ್ದ ಮನೆಗೆ ಯಜಮಾನ ಬಂದಂತೆ. ಅವರು ಸಭೆಯ ಕಡೆ ತಿರುಗಿದರು. “ಕೇಳಿದಿರಲ್ಲ. ತನ್ನ ಶೋಕವನ್ನು ತಾನೇ ನಿರಾಕರಿಸುವುದು. ಶೋಕದ ಅತ್ಯಂತ ಆಳದ ರೂಪ ಇದೇ.” ಮುಂದಿನ ಸಾಲಿನಲ್ಲಿ ನಾಲ್ಕು ಪೆನ್ನುಗಳು ಅದನ್ನು ಬರೆದುಕೊಂಡವು.

“ಏನಂತೆ?” ಎಂದು ದೊಡ್ಡಮ್ಮ ಕೇಳಿದಳು.

“ನೀನು ದುಃಖಕ್ಕೆ ಹೀಗೆ ಹೇಳ್ತಿದೀಯಂತೆ.”

“ಓ” ಎಂದಳು ದೊಡ್ಡಮ್ಮ.

ಅವಳು ಎದೆಯ ಮೇಲಿನ ಬ್ಯಾಡ್ಜು ಕಳಚಿದಳು. ಅದರ ಹಿಂದಿನ ಪಿನ್ನನ್ನು ನೆಟ್ಟಗೆ ಬಿಡಿಸಿದಳು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಬೆಡ್‌ಶೀಟಿನ ನಡುವೆ ಇಟ್ಟಳು. ಎರಡು ಮಡಿಕೆ ಹಾಕಿದಳು. ಮುದುಡಿದಳು, ಉರುಳಿಸಿದಳು, ವಾರ್ಡಿನವರು ಮುದುಡಿ ಎಸೆಯುವ ಹಾಗೆಯೇ. ಪಿನ್ನು ಎಲ್ಲಿದೆ ಎಂದು ಈಗ ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಪಟ್ಟಿ ಕಟ್ಟಿದ ಕೈಯಲ್ಲಿ, ಹಲ್ಲು ಕಚ್ಚಿ, ಮೂಲೆಗೆ ಗಂಟು ಬಿಗಿದಳು.

“ಈಗ ಹಾಕಿದೀನಿ” ಎಂದು ಅದನ್ನು ಮೇಜಿನ ಮೇಲೆ ಮೇಡಂ ಕಡೆ ನೂಕಿದಳು. “ಬಿಚ್ಚಿ. ಬೇಗ. ಮೇಸ್ತ್ರಿ ಗಡಿಯಾರ ನೋಡ್ತಿದಾನೆ.”

ಹುಡುಗಿ ಅನುವಾದ ಮಾಡಿದಳು. ಮಾಡಿ, ಮೇಜಿನ ಮೇಲಿದ್ದ ಸಹಿಯ ಪತ್ರವನ್ನು ಎತ್ತಿಕೊಂಡು ಮಡಿಚಿ ಕೈಯಲ್ಲಿಟ್ಟುಕೊಂಡಳು. ಬಟ್ಟೆ ಬಿಚ್ಚಬೇಕಾದ ಜಾಗದಲ್ಲಿ ಬೇರೆ ಸಾಮಾನು ಇರಬಾರದು.

ಸಭೆ ಕಾಯಿತು. ಮೇಡಂ ಕೈ ಮೇಲೆದ್ದಿತು. ಗಂಟಿನವರೆಗೆ ಬಂತು. ಅಲ್ಲಿ ನಿಂತಿತು. ಬೆರಳುಗಳು ಒಂದೊಂದಾಗಿ ಮಡಿಚಿಕೊಂಡವು. ಕೈ ಹಿಂದೆ ಸರಿದು ಬೆನ್ನ ಹಿಂದೆ ಹೋಗಿ ಅಡಗಿತು.

ಒಂಬತ್ತು ವರ್ಷದಲ್ಲಿ ಮೊದಲ ಸಲ, ಮೇಡಂ ಆ ಗಂಟನ್ನು ಸರಿಯಾಗಿ ಓದಿದ್ದರು.